ಲೊಕ್ಕನಹಳ್ಳಿಯ ಹುಡುಗಿಯ ಒಂದು ಸೆಕೆಂಡು

ಕೊಳ್ಳೇಗಾಲದ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟರಾಗಿದ್ದಾಗ ಪ್ರಯೋಗಶಾಲೆಯ ಬೀರುವಿನಲ್ಲಿ ಒಂದೇ ಒಂದು ಸ್ಟಾಪ್ ವಾಚ್ ಇತ್ತು. ಲೋಲಕದ ಪಾಠಕ್ಕೆಂದು ತರಿಸಿದ್ದು. ಅದು ನನ್ನ ಸುಪರ್ದಿನಲ್ಲಿದ್ದ ಕಾರಣಕ್ಕೆ, ಅರವತ್ತರ ದಶಕದ ಕೊನೆಯ ಬೇಸಿಗೆಗಳಲ್ಲಿ ತಾಲ್ಲೂಕಿನ ಮಕ್ಕಳ ಈಜಿನ ಪಂದ್ಯಕ್ಕೆ ಕಾಲ ನೋಡುವ ಕೆಲಸ ನನ್ನ ಪಾಲಿಗೆ ಬಂತು. ನನಗೆ ಈಜು ಬರುತ್ತಿರಲಿಲ್ಲ. ಅದನ್ನು ಯಾರೂ ಕೇಳಲೂ ಇಲ್ಲ.

ಪಂದ್ಯ ನಡೆಯುತ್ತಿದ್ದುದು ಊರಾಚೆ, ಮಧುವನಹಳ್ಳಿ ಕಡೆಯ ದಾರಿಯಲ್ಲಿದ್ದ ಕಲ್ಲು ಕಟ್ಟಡದ ಒಂದು ಕೊಳದಲ್ಲಿ. ಬೇಸಿಗೆಯಲ್ಲೂ ಎರಡಾಳು ನೀರು ನಿಲ್ಲುತ್ತಿತ್ತು. ಈ ಕಡೆಯ ಮೆಟ್ಟಿಲಿಂದ ಧುಮುಕಿ, ಆ ಕಡೆಯ ಮೆಟ್ಟಿಲು ಮುಟ್ಟಿ, ತಿರುಗಿ ಬಂದು ಕಲ್ಲು ಮುಟ್ಟಬೇಕು. ಎಲ್ಲರನ್ನೂ ಒಟ್ಟಿಗೆ ಬಿಟ್ಟರೆ ಮಕ್ಕಳು ಒಬ್ಬರ ಮೇಲೊಬ್ಬರು ಬೀಳುತ್ತಾರೆಂದು ನಾಲ್ಕು ನಾಲ್ಕು ಜನರ ತಂಡ ಮಾಡುತ್ತಿದ್ದೆವು. ಪ್ರತಿ ತಂಡದಲ್ಲಿ ಮೊದಲು ಬಂದವರ ಕಾಲವನ್ನು ನಾನು ಬರೆದುಕೊಳ್ಳಬೇಕು. ಕೊನೆಯಲ್ಲಿ ಯಾರ ಕಾಲ ಎಲ್ಲಕ್ಕಿಂತ ಕಡಿಮೆಯೋ ಅವರು ಗೆದ್ದಂತೆ. ಮೈಸೂರಿನ ಜಿಲ್ಲಾ ಪಂದ್ಯಕ್ಕೆ ಹೋಗುವುದು ಅವರೊಬ್ಬರೇ. ನಾಲ್ಕನೆಯ ತಂಡದ ಮಗು ಎರಡನೆಯ ತಂಡದ ಮಗುವನ್ನು ಸೋಲಿಸಿತೇ ಇಲ್ಲವೇ ಎಂಬುದು ನನ್ನ ಅಂಗೈಯೊಳಗಿನ ಗಡಿಯಾರದ ಮುಳ್ಳಿಗಲ್ಲದೆ ಬೇರೆ ಯಾರಿಗೂ ಗೊತ್ತಾಗುವಂತಿರಲಿಲ್ಲ.

ಕಾಲ ನೋಡುವವನಿಗೆ ಇರುವ ನಿಯಮ ಒಂದೇ. ಶಿಳ್ಳೆ ಕೇಳಿ ಗುಂಡಿ ಒತ್ತಿದ ಮೇಲೆ ಗಡಿಯಾರದ ಕಡೆ ತಿರುಗಿ ನೋಡಬಾರದು. ನೀರಿನಲ್ಲಿರುವವರ ಕೈ ನೋಡುತ್ತಿರಬೇಕು. ಕೈ ಕಲ್ಲಿಗೆ ತಾಗಿದಾಗ ಒತ್ತಬೇಕು. ಮುಳ್ಳು ಎಲ್ಲಿ ನಿಂತಿದೆಯೆಂದು ಆಮೇಲೆ ನೋಡಬೇಕು. ಬೇರೆ ಮೇಷ್ಟರುಗಳಿಗೆ ಇದನ್ನು ಹೇಳಿಕೊಡುತ್ತಿದ್ದವನು ನಾನೇ.

ಆ ವರ್ಷ ಎರಡನೆಯ ತಂಡದಲ್ಲಿ ನನ್ನ ಅಕ್ಕನ ಮಗನಿದ್ದ. ತಂದೆಯಿಲ್ಲದ ಹುಡುಗ, ತಾಯಿ ಮಗ ಇಬ್ಬರೂ ನಮ್ಮ ಮನೆಯಲ್ಲೇ ಇದ್ದರು. ಪಾಠ ಅವನ ತಲೆಗೆ ಹತ್ತುತ್ತಿರಲಿಲ್ಲ. ನೀರಿಗಿಳಿದರೆ ಮಾತ್ರ ಅವನ ಮುಖ ಬೇರೆಯೇ ಆಗುತ್ತಿತ್ತು. ಪಂದ್ಯ ಇದ್ದದ್ದು ಹನ್ನೆರಡು ವರ್ಷದೊಳಗಿನವರಿಗೆ, ಅವನಿಗೆ ಅದೇ ಕೊನೆಯ ಅವಕಾಶ. ಅವನು ಮೂವತ್ತೊಂದೂವರೆ ಸೆಕೆಂಡಿನಲ್ಲಿ ಬಂದ. ಅದನ್ನು ನಾನು ಸರಿಯಾಗಿಯೇ ಹಿಡಿದೆ. ಮೂರನೆಯ ತಂಡದಲ್ಲಿ ಯಾರೂ ಅವನ ಹತ್ತಿರಕ್ಕೂ ಬರಲಿಲ್ಲ.

ನಾಲ್ಕನೆಯ ತಂಡದಲ್ಲಿ ಲೊಕ್ಕನಹಳ್ಳಿಯ ಒಬ್ಬ ಹುಡುಗಿ ನಿಂತಳು. ಅಣ್ಣನ ಚಡ್ಡಿ, ಅಣ್ಣನ ಅಂಗಿ. ಜಡೆಯನ್ನು ನೆತ್ತಿಗೆ ಸುತ್ತಿ ಮೇಲೊಂದು ಬಟ್ಟೆ ಬಿಗಿದಿದ್ದಳು. ಹುಡುಗಿಯರು ಕಡಿಮೆಯೆಂದು ಹುಡುಗರ ಜೊತೆಗೇ ಬಿಟ್ಟಿದ್ದೆವು. ಹೊಲದ ಬಾವಿಯಲ್ಲಿ, ಮುಳುಗದಂತೆ ಬೆನ್ನಿಗೆ ಸೋರೆ ಬುರುಡೆ ಕಟ್ಟಿಕೊಂಡು ಕಲಿತವಳು ಅಂತ ಅವಳ ಅಪ್ಪ ಪಕ್ಕದವರಿಗೆ ಹೇಳುತ್ತಿದ್ದ. ಹೊಲಕ್ಕೆ ಆನೆ ನುಗ್ಗದಂತೆ ರಾತ್ರಿಯೆಲ್ಲ ಕಾದು, ಬೆಳಗಿನ ಬಸ್ಸು ಹಿಡಿದು ಮಗಳನ್ನು ಕರೆತಂದ ರೈತ. ಹೆಗಲ ಟವೆಲನ್ನು ಕೈಯಲ್ಲಿ ಸಿದ್ಧವಾಗಿ ಹಿಡಿದು ಕಟ್ಟೆಯ ಮೇಲೆ ಕುಕ್ಕರುಗಾಲಿನಲ್ಲಿ ಕೂತಿದ್ದ.

ಶಿಳ್ಳೆ ಕೇಳಿಸಿತು. ಆ ಹುಡುಗಿ ಹೆಚ್ಚು ನೀರು ಚಿಮ್ಮಿಸದೆ, ಸದ್ದಿಲ್ಲದೆ ಹೋದಳು. ಎದುರು ಮೆಟ್ಟಿಲು ಮುಟ್ಟಿ ತಿರುಗಿದಾಗ ಮಿಕ್ಕ ಮೂವರು ಇನ್ನೂ ನಡುನೀರಿನಲ್ಲಿದ್ದರು. ಜನ ಎದ್ದು ನಿಂತರು. ನಾನು ಆಗ ಗಡಿಯಾರ ನೋಡಿದೆ.

ನೋಡಬಾರದೆಂದು ಗೊತ್ತಿದ್ದೂ ನೋಡಿದೆ. ಅವಳ ಕೈ ಕಲ್ಲಿಗೆ ಬಡಿದ ಸದ್ದು ಕಿವಿಗೆ ಬಿದ್ದಾಗ ಮುಳ್ಳು ಮೂವತ್ತೊಂದರ ಗೆರೆಯ ಹತ್ತಿರವಿತ್ತು. ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ನಾನು ಒತ್ತಿದ್ದು ಮೂವತ್ತೆರಡಕ್ಕೆ. ಬೆವರಿಗೆ ಬೆರಳು ಜಾರಿತು ಅಂತ ಎಷ್ಟೋ ತಿಂಗಳು ನನಗೆ ನಾನೇ ಹೇಳಿಕೊಂಡೆ. ಬೆರಳು ಜಾರಿರಲಿಲ್ಲ. ಕಾದಿತ್ತು.

"ಎಷ್ಟು ಮೇಷ್ಟ್ರೇ?" ಹೆಡ್ ಮೇಷ್ಟರು ಪಟ್ಟಿ ಹಿಡಿದು ಕೇಳಿದರು.

"ಮೂವತ್ತೆರಡು."

ನೀರು ಸುರಿಸಿಕೊಂಡೇ ಆ ಹುಡುಗಿ ನನ್ನ ಮುಂದೆ ಬಂದು ನಿಂತಳು. "ಸಾ, ಗಡಿಯಾರ ತೋರ್ಸಿ ಸಾ. ನಾನು ಬಿರ್ನೆ ಬಂದಿವ್ನಿ."

ತೋರಿಸಿದ್ದರೆ ಮುಳ್ಳು ಮೂವತ್ತೆರಡರ ಮೇಲೇ ಇರುತ್ತಿತ್ತು. ಅವಳು ಏನೂ ಹೇಳುವಂತಿರಲಿಲ್ಲ. ಆದರೂ ನನ್ನ ಕೈ ತಡೆಯದೆ ಗುಂಡಿಯನ್ನು ಮತ್ತೆ ಒತ್ತಿಬಿಟ್ಟಿತು. ಮುಳ್ಳು ಸೊನ್ನೆಗೆ ಹಾರಿತು. ಅವಳು ಸೊನ್ನೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ಯಾಕ್ ಸಾ ಅಳಿಸ್ಬುಟ್ರಿ?" ಅಂದಳು.

ಅಷ್ಟರಲ್ಲಿ ಅಪ್ಪ ಬಂದು ಅವಳ ತಲೆಗೆ ಟವೆಲು ಹಾಕಿದ. "ನಡಿ ಕೂಸೇ. ಮೇಷ್ಟ್ರು ಸುಳ್ಳ ಯೋಳ್ತರಾ? ಓದ್ದೋರು ಅವ್ರು." ನನಗೆ ಕೈ ಮುಗಿದು ಮಗಳನ್ನು ಎಳೆದುಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋದ.

ಅಕ್ಕನ ಮಗ ಮೈಸೂರಿಗೆ ಹೋದ; ಎಲ್ಲರಿಗಿಂತ ಹಿಂದೆ ಬಂದ. ಸೋತದ್ದಕ್ಕೆ ಸಮಾಧಾನ ಹೇಳಲು ಹೋದರೆ ಊಟದ ತಟ್ಟೆಯಿಂದ ಮುಖ ಎತ್ತದೆ ಅಂದ: "ಮಾವ, ಅವ್ಳೇ ಓಗ್ಬೇಕಿತ್ತು. ನಾನು ಮೆಟ್ಲ ಮ್ಯಾಲೆ ನಿಂತ್ಕಂಡು ಎಣಿಸ್ತಿದ್ದೆ. ನಂದೂ ಎಣಿಸ್ಕಂಡಿದ್ದೆ, ಅವ್ಳ್ದೂ ಎಣಿಸ್ದೆ."

ಸಾರು ಬಡಿಸಲು ಬಂದಿದ್ದ ಅಕ್ಕ ಸೌಟು ಹಿಡಿದು ನಿಂತೇ ಬಿಟ್ಟಳು. ಅವನು ಕೈ ತೊಳೆಯಲು ಎದ್ದು ಹೋದ ಮೇಲೆ ಕೇಳಿದಳು: "ನಾನು ಯಾವತ್ತಾರ ಅಂಗ ಮಾಡು ಅಂದಿದ್ನಾ ನಿಂಗೆ?" ಇಲ್ಲ, ಅವಳು ಅಂದಿರಲಿಲ್ಲ. ಆ ಹುಡುಗನೂ ಕೇಳಿರಲಿಲ್ಲ. ಅವನು ಮತ್ತೆ ಯಾವ ಪಂದ್ಯಕ್ಕೂ ಇಳಿಯಲಿಲ್ಲ. ನನ್ನೊಡನೆ ಮರ್ಯಾದೆಯಿಂದಲೇ ಇದ್ದ. ಆದರೆ ಮೊದಲಿನ ಹಾಗೆ ಸೈಕಲ್ಲಿನ ಹಿಂದೆ ಹತ್ತಿ ಕೂರುವುದನ್ನು ಬಿಟ್ಟ.

ಮುಂದಿನ ಬೇಸಿಗೆಗೆ ನಾನೇ ಓಡಾಡಿ ಇನ್ನೆರಡು ಸ್ಟಾಪ್ ವಾಚುಗಳನ್ನು ಬೇರೆ ಶಾಲೆಗಳಿಂದ ತರಿಸಿದೆ. ಪ್ರತಿ ತಂಡಕ್ಕೆ ಮೂವರು ಕಾಲ ನೋಡಬೇಕು, ಒಬ್ಬರದನ್ನು ಇನ್ನೊಬ್ಬರು ಇಣುಕಬಾರದು, ಮೂರರಲ್ಲಿ ನಡುವಿನ ಕಾಲವನ್ನೇ ಬರೆಯಬೇಕು. ಸಂಬಂಧಿಕರು ನೀರಿನಲ್ಲಿದ್ದರೆ ವಾಚು ಬೇರೆಯವರಿಗೆ ಕೊಟ್ಟು ದೂರ ನಿಲ್ಲಬೇಕು. ಎಲ್ಲರಿಗೂ ಇದು ಬಹಳ ಹಿಡಿಸಿತು. ಬಹುಮಾನದ ಹೊತ್ತಿನಲ್ಲಿ ಹೆಡ್ ಮೇಷ್ಟರು ಮೈಕಿನ ಮುಂದೆ, "ನ್ಯಾಯ ಅಂದರೆ ನಮ್ಮ ವಿಜ್ಞಾನದ ಮೇಷ್ಟ್ರು" ಎಂದು ಹೇಳಿ ನನ್ನ ಕೊರಳಿಗೆ ಹಾರ ಹಾಕಿದರು. ಚಪ್ಪಾಳೆ ನಿಲ್ಲುವವರೆಗೂ ತಲೆ ತಗ್ಗಿಸಿ ನಿಂತಿದ್ದೆ. ಜನ ಅದನ್ನು ವಿನಯವೆಂದುಕೊಂಡರು.

ಆ ವಾರವೇ ಲೊಕ್ಕನಹಳ್ಳಿಯ ಬಸ್ಸು ಹತ್ತಿದೆ.

ಹೊಲ ಹುಡುಕುವುದು ಕಷ್ಟವಾಗಲಿಲ್ಲ. "ಈಜೋ ಮಗಳವ್ಳಲ್ಲ, ಅವ್ರಾ?" ಅಂತ ದಾರಿಯಲ್ಲಿ ಸಿಕ್ಕವರೇ ತೋರಿಸಿದರು. ಅಪ್ಪ ಬೇಲಿಗೆ ಮುಳ್ಳು ಒಟ್ಟುತ್ತಿದ್ದ. ನನ್ನನ್ನು ಕಂಡು ಓಡಿಬಂದು ಹುಣಸೆ ಮರದ ನೆರಳಿನಲ್ಲಿ ಕಂಬಳಿ ಹಾಸಿದ, ಮಜ್ಜಿಗೆ ತರಿಸಿದ. ನಾನು ಮಜ್ಜಿಗೆ ಮುಟ್ಟದೆ ಹೇಳಲು ಶುರು ಮಾಡಿದೆ.

"ಯಜಮಾನ್ರೇ, ಹೋದ ವರ್ಷ ನಿಮ್ಮ ಮಗಳೇ ಗೆದ್ದಿದ್ದಳು. ನಾನು ಬೇಕಂತಲೇ ತಡವಾಗಿ ಒತ್ತಿದೆ. ನನ್ನ ಅಕ್ಕನ ಮಗ ಗೆಲ್ಲಲಿ ಅಂತ."

ಅವನು ಬೆರಳಿಗೆ ಚುಚ್ಚಿದ್ದ ಬೇಲಿಯ ಮುಳ್ಳನ್ನು ಕೀಳುತ್ತ ಕೂತ. ಬಯ್ಯುತ್ತಾನೆಂದು ಕಾದೆ. ಬಯ್ದಿದ್ದರೆ ಹಗುರಾಗುತ್ತಿತ್ತೇನೋ.

"ನಾನು ಅವ್ಳ ಒಡ್ದೆ ಸಾ," ಅಂದ ಕೊನೆಗೆ. "ಬಸ್ ಸ್ಟ್ಯಾಂಡಲ್ಲಿ, ಜನುರ ಮುಂದ. ಮೇಷ್ಟ್ರು ಮೋಸ ಮಾಡುದ್ರು, ಮೇಷ್ಟ್ರು ಮೋಸ ಮಾಡುದ್ರು ಅಂತಿದ್ಲು. ಗುರುಗಳ್ನ ಅಂಗ ಅಂದಿಯಾ ಅಂತ ಕೆನ್ನೆಗೆ ಒಡ್ದೆ. ಅವ್ಳು ಹುಟ್ಟುದ್ಮ್ಯಾಲೆ ನಾನು ಕೈ ಎತ್ತಿದ್ದು ಅದೊಂದೇ ದಪ."

ಇದನ್ನು ನಾನು ಊಹಿಸಿರಲಿಲ್ಲ. ನನ್ನ ತಪ್ಪು ಒಂದು ಸೆಕೆಂಡಿನದು ಅಂತ ಲೆಕ್ಕ ಹಾಕಿಕೊಂಡು ಹೋಗಿದ್ದೆ.

ಅವನು ಬಾವಿಯ ಕಡೆ ಕೂಗು ಹಾಕಿದ. ಚಿಕ್ಕ ಮಕ್ಕಳಿಗೆ ಈಜು ಕಲಿಸುತ್ತಿದ್ದ ಮಗಳು ಒದ್ದೆ ಲಂಗ ಹಿಂಡಿಕೊಳ್ಳುತ್ತ ಬಂದಳು. ಒಂದು ವರ್ಷದಲ್ಲಿ ಉದ್ದ ಬೆಳೆದಿದ್ದಳು. ಅವಳಿಗೂ ಹೇಳಿದೆ. ಕಣ್ಣು ನೆಲದ ಮೇಲಿಟ್ಟು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಒಂದೇ ಮಾತು ಕೇಳಿದಳು.

"ನಂದು ಎಷ್ಟಾಗಿತ್ತು ಸಾ?"

"ಮೂವತ್ತೊಂದು... ಇಲ್ಲ, ಒಂಚೂರು ಕಮ್ಮಿಯೇ ಇರಬಹುದು."

"ಸರಿಯಾಗಿ ಎಷ್ಟು?"

ಅವಳ ಕೈ ಕಲ್ಲಿಗೆ ತಾಗಿದ ಕ್ಷಣದಲ್ಲಿ ಮುಳ್ಳನ್ನು ಯಾರೂ ನಿಲ್ಲಿಸಿರಲಿಲ್ಲ. "ಗೊತ್ತಿಲ್ಲ ಕೂಸು" ಅಂದೆ. ಅವಳು ತಲೆಯಾಡಿಸಿ, ಅಪ್ಪನ ಮುಖವನ್ನೊಮ್ಮೆ ನೋಡಿ, ಬಾವಿಯ ಕಡೆಗೆ ಹೊರಟಳು. ಅಪ್ಪ ಎದ್ದು ಅವಳ ಹಿಂದೆ ನಾಲ್ಕು ಹೆಜ್ಜೆ ಹೋದವನು ನಿಂತುಬಿಟ್ಟ.

ಸಂಜೆ ಅವನೇ ನನ್ನನ್ನು ರಸ್ತೆಯವರೆಗೆ ಬಿಡಲು ಬಂದ. ಬಸ್ಸಿಗೆ ಕೈ ಅಡ್ಡ ಹಿಡಿದು, "ನಮ್ ಮೇಷ್ಟ್ರು ಕಣ್ರಿ, ಸೀಟು ಕೊಡ್ರಿ" ಅಂತ ಕಂಡಕ್ಟರನಿಗೆ ಹೇಳಿದ. ನಾನು ಕೂತೆ.

ವಾಪಸು ಬಂದು ಹೆಡ್ ಮೇಷ್ಟರಿಗೆ ನಡೆದದ್ದನ್ನು ಹೇಳಿ, ಹೋದ ವರ್ಷದ ಪಟ್ಟಿಯನ್ನು ತಿದ್ದಬೇಕೆಂದು ಕೇಳಿಕೊಂಡೆ. "ಈಗ ಅದನ್ನು ಕೆದಕಿದರೆ ಶಾಲೆಯ ಮಾನ ಹೋಗುತ್ತದೆ, ಸುಮ್ಮನಿರಿ" ಎಂದು ಬಾಗಿಲು ತೋರಿಸಿದರು. ಅವರನ್ನು ಮೀರಿ ಮೇಲಿನ ಅಧಿಕಾರಿಗಳಿಗೆ ಬರೆಯಬಹುದಿತ್ತು, ನಾನು ಬರೆಯಲಿಲ್ಲ. ಪಂದ್ಯದ ಕೆಲಸವನ್ನು ಮಾತ್ರ ಬಿಟ್ಟೆ.

ಎಪ್ಪತ್ತರ ದಶಕದಲ್ಲಿ ಯಳಂದೂರಿಗೆ ವರ್ಗವಾಯಿತು. ಕೊಳ್ಳೇಗಾಲದಿಂದ ನನ್ನ ಹೆಸರು ನನಗಿಂತ ಮೊದಲೇ ಅಲ್ಲಿಗೆ ಹೋಗಿತ್ತು. ಓಟದ ಪಂದ್ಯಕ್ಕೆ ನೀವೇ ಕಾಲ ನೋಡಬೇಕೆಂದು ಮೇಷ್ಟರುಗಳೆಲ್ಲ ಸೇರಿ ಕೇಳಿದಾಗ ನಡೆದದ್ದನ್ನು ಮೊದಲಿಂದ ಹೇಳಿದೆ. ಒಬ್ಬರು ನಕ್ಕು, "ಬಿಡಿ ಸಾರ್, ಒಂದು ಸೆಕೆಂಡಿಗೆ ಇಷ್ಟೆಲ್ಲಾನಾ?" ಅಂದರು. ಆಗ ಆ ಹುಡುಗಿ ಬಸ್ ಸ್ಟ್ಯಾಂಡಿನಲ್ಲಿ ತಿಂದ ಏಟಿನ ವಿಷಯ ಹೇಳಿದೆ. ಗಂಟೆ ಹೊಡೆಯಿತು, ಒಬ್ಬೊಬ್ಬರಾಗಿ ಎದ್ದು ತರಗತಿಗೆ ಹೋದರು. ಓಟಕ್ಕೆ ಕಾಲ ನೋಡಿ ಎಂದು ಆಮೇಲೆ ಯಾರೂ ನನ್ನನ್ನು ಕೇಳಲಿಲ್ಲ.