ಒಡಪಿನಲ್ಲಿ ನನ್ನ ಹೆಸರು

ನಾನು ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳು. ತವರಲ್ಲಿ ಕುರಿ ಕಾದೆ. ಹುನ್ನೂರಿಗೆ ಸೊಸೆಯಾಗಿ ಬಂದ ಮೇಲೆ ಕಬ್ಬು ಕಡಿದೆ, ಅದರ ಒಣಗರಿ ರವದಿ ಸುಲಿದೆ. ಫೋನಿನ ಸುದ್ದಿ ಈ ಮುದುಕಿಗೇನು ಗೊತ್ತು ಎನ್ನುವವರು ಮೊಮ್ಮಗಳ ಕೈಲಿ ಬರೆಸಿದ ಇದನ್ನು ಓದಲಿ.

ನನ್ನ ಮೈದುನನ ಹೆಂಡತಿ, ನಮ್ಮ ನೆಗೆಣ್ಣಿಯ ಸೊಸೆಯ ಕುಬುಸ ಇತ್ತು. ಬಸುರಿಗೆ ಹಸಿರು ಸೀರೆ ಉಡಿಸಿ ಆರತಿ ಮಾಡಿದ ಮೇಲೆ, ಬಂದ ಹೆಂಗಸರೆಲ್ಲ ಗಂಡನ ಹೆಸರನ್ನು ಪ್ರಾಸದ ಒಡಪಿನಲ್ಲಿ ಕಟ್ಟಿ ಹೇಳಬೇಕು. ಹೇಳದಿದ್ದರೆ ಬಾಗಿಲು ಬಿಡುವುದಿಲ್ಲ. ನಾನು ಗಂಡ ಸತ್ತವಳು, ಗೋಡೆಗೆ ಬೆನ್ನು ಕೊಟ್ಟು ಎಲೆ ಅಡಿಕೆ ಜಗಿಯುತ್ತಿದ್ದೆ. ಒಬ್ಬ ಹುಡುಗಿ, "ಆಯಿ, ನೀನೂ ಒಂದ ಹೇಳ" ಎಂದಳು.

ನೆಗೆಣ್ಣಿ ನಕ್ಕಳು. "ಅಕಿನ್ನ ಯಾಕ ಕೇಳತೀಬೇ? ಹೆಸರ ಹೇಳಾಕ ಗಂಡ ಎಲ್ಲಿ ಅದಾನ?"

ಎದ್ದು ನಿಂತೆ.

"ಕುರಿ ಕಾದ ಕಾಲಿಗೆ ಗೊತ್ತು ಅಡವಿಯ ದಾರಿ,
ಕಬ್ಬ ಕಡದ ಕೈಗೆ ಗೊತ್ತು ಬಿಸಲಿನ ಉರಿ,
ಗಂಡನ ಹೆಸರ ಹೇಳಿ ಹೇಳಿ ದಣದೇನ್ರಿ,
ಇವತ್ತ ನನ್ನ ಹೆಸರ ಹೇಳತೇನಿ, ಕೇಳ್ರಿ!"

ಗಂಡನ ಹೆಸರು ಬರುವ ಜಾಗದಲ್ಲಿ ನನ್ನ ಹೆಸರು ಹೇಳಿ ಕುಳಿತೆ. ಹುಡುಗಿಯರು ಕೇಕೆ ಹಾಕಿದರು. ನೆಗೆಣ್ಣಿಯ ಕೈಯಲ್ಲಿದ್ದ ಆರತಿ ತಟ್ಟೆ ಅಲ್ಲೇ ನಿಂತಿತು.

ನನ್ನ ಮೊಮ್ಮಗಳು ಅದನ್ನು ಫೋನಿನಲ್ಲಿ ಹಿಡಿದಿದ್ದಳು. ಅವಳು ಜಮಖಂಡಿ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುವವಳು. ಅವಳ ಫೋನಿನೊಳಗೆ ದೇಶ ದೇಶದ ಹೆಣ್ಣುಮಕ್ಕಳು ಕೂಡಿ ಮಾಡಿಕೊಂಡ ಗುಂಪಿತ್ತು. ಯಾವ ಊರಿನಲ್ಲಿ ಹೆಣ್ಣಿಗೆ ಏನು ಕಟ್ಟಳೆ, ಯಾರು ಅದನ್ನು ಮುರಿದರು ಎಂದು ಅಲ್ಲಿ ಹೇಳಿಕೊಳ್ಳುತ್ತಾರೆ. ನನ್ನನ್ನು ಕೇಳಿಯೇ ಆ ವಿಡಿಯೊ ಅಲ್ಲಿಗೆ ಹಾಕಿದಳು, ಕೆಳಗೆ ಇಂಗ್ಲಿಷಿನಲ್ಲಿ ಅರ್ಥ ಬರೆದಳು. ಯಾವುದೋ ದೂರದ ದೇಶದವಳು ಉತ್ತರ ಕೊಟ್ಟಳಂತೆ: ನಮ್ಮಲ್ಲಿ ಲಗ್ನಪತ್ರಿಕೆಯಲ್ಲೂ ಮದುಮಗಳ ಹೆಸರು ಇರುವುದಿಲ್ಲ, ಇಂಥವರ ಮಗಳು ಎಂದಷ್ಟೇ.

"ಹಂಗಾರ ಲಗ್ನ ಯಾರದಂತ? ಅವರಪ್ಪಂದ?" ಎಂದೆ. ಮೊಮ್ಮಗಳು ಅದನ್ನೂ ಬರೆದು ಕಳಿಸಿದಳು.

ವಿಡಿಯೊ ಸುತ್ತಾಡಿ ನಮ್ಮೂರ ಗಂಡಸರ ಫೋನಿಗೂ ಬಂತು. ಊರ ಹಿರಿಯರು ಬೀರಪ್ಪನ ಗುಡಿ ಕಟ್ಟೆಗೆ ನನ್ನ ಮಗನನ್ನು ಕರೆಸಿದರು. ಮನೆಗೆ ಬಂದವನೇ ಮಗಳ ಮುಂದೆ ಕೈ ಚಾಚಿದ. "ಫೋನ್ ಕೊಡ. ಅದನ್ನ ಅಳಸತೇನಿ. ನಾಳಿಂದ ಕಾಲೇಜೂ ಸಾಕು. ಹಿರಿಯಾರ ಹೇಳ್ಯಾರ."

ಹುಡುಗಿ ಅಳುತ್ತಾ ನಿಂತಳು. ನಾನು ಫೋನು ಕಸಿದು, ಎಲೆ ಅಡಿಕೆಯ ಸಂಚಿಯಲ್ಲಿ ತುರುಕಿ ಟೊಂಕಕ್ಕೆ ಸಿಕ್ಕಿಸಿದೆ.

"ಬಾ, ತಗೋ. ಅವ್ವನ ಟೊಂಕಕ್ಕ ಕೈ ಹಾಕೂವಷ್ಟ ಗಂಡಸ ಆಗೀಯೇನ?"

"ಅವ್ವಾ, ಅವರಿಗೆ ನಾ ಏನ ಹೇಳ್ಲಿ?"

"ನೀ ಏನೂ ಹೇಳಬ್ಯಾಡ. ನಡಿ, ನಾ ಬರತೇನಿ."

ಆ ಕಟ್ಟೆಯ ಮೇಲೆ ಹೆಂಗಸರು ಕೂಡುವುದಿಲ್ಲ. ಕುಳಿತೆ. ನನ್ನ ಗಂಡನ ಗೆಳೆಯನಾಗಿದ್ದ ಹಿರಿಯ ಮಾತು ತೆಗೆದ. "ವೈನಿ, ಸತ್ತಾಂವನ ಹೆಸರ ಬಿಟ್ಟು ನಿನ್ನ ಹೆಸರ ಮೆರಿಸಿದಿ. ಅದೂ ಜಗತ್ತಿನ ಮುಂದ. ಸರೀನೇನ?"

"ಅಂವ ಇರೂ ತನಕ ಕುಬುಸ, ಲಗ್ನ ಎಲ್ಲಾದ್ರಾಗೂ ಅಂವನ ಹೆಸರ ಹೇಳೇನಿ. ಅಂವ ನನ್ನ ಏನಂತ ಕರೀತಿದ್ದ? ಬಾಜೂಕ ಕುಂತ ಕೇಳಿದಾಂವ ನೀನ, ಹೇಳ."

ಹಿಂದಿನಿಂದ ಯಾರೋ, "'ಏ ಇಕಿನ' ಅಂತಿದ್ದ" ಎಂದ. ನಗೆ ಎದ್ದಿತು.

"ನಗಬ್ಯಾಡ್ರಿ, ನಿಮ್ಮ ಮನ್ಯಾಗೂ ಅದ ಐತಿ," ಎಂದೆ. "ಹೇಳಿದಾಕಿ ನಾನು, ಹುಡುಗೀದೇನ ತಪ್ಪು? ಅಕಿ ನಾಳಿ ಬಸ್ ಹತ್ತತಾಳ, ಫೋನ್ ತಗೊಂಡ. ತಡದ್ರ ಈ ಕಟ್ಟಿ ಮ್ಯಾಲ ಕುಂತ ಇನ್ನೊಂದ ಒಡಪ ಕಟ್ಟತೇನಿ. ಅದರಾಗ ನಿಮ್ಮೆಲ್ಲಾರ ಹೆಸರ ಇರತಾವ. ಅದನ್ನೂ ಜಗತ್ತ ನೋಡತೈತಿ."

ಒಬ್ಬ ಚಹಾ ತರಿಸಿ ಎಂದ. ಇನ್ನೊಬ್ಬ ಮಳೆಯ ಮಾತು ತೆಗೆದ. ನಾನು ಚಹಾ ಕುಡಿದೇ ಎದ್ದೆ.

ಬೆಳಿಗ್ಗೆ ಸಂಚಿಯಿಂದ ಫೋನು ತೆಗೆದರೆ ಗಾಜಿಗೆಲ್ಲ ಸುಣ್ಣ ಮೆತ್ತಿತ್ತು. "ಆಯಿ, ಏನ ಮಾಡೀಬೇ ಇದನ್ನ!" ಎಂದು ಮೊಮ್ಮಗಳು ಬೈದಳು. "ಒರಸ್ಕೊ, ಬಸ್ ಬಂತ," ಎಂದೆ. ಹೋದಳು.

ಕಟ್ಟೆಯವರು ಆ ಫೋನಿನ ಸುದ್ದಿಗೆ ಮತ್ತೆ ಬಂದಿಲ್ಲ. ಅದಕ್ಕೇ ಇಲ್ಲಿ ಅವರ ಹೆಸರು ಬರೆಸಿಲ್ಲ. ನನ್ನ ಹೆಸರು ಬೇಕಾದವರು ವಿಡಿಯೊ ನೋಡಲಿ. ಅದನ್ನು ತೆಗೆದಿಲ್ಲ.