ಹವಳಕ್ಕೆ ಸವಳು ಹತ್ತಿದ ಬೇಸಿಗೆ

ನಿನ್ನೆ ಸಂಜೆ ಉಪ್ಪಿನ ಪೊಟ್ಟಣ ಕತ್ತರಿಸಿದೆ. ಅಡುಗೆಯ ಉಪ್ಪಲ್ಲ, ಮನೆಯಲ್ಲೇ ಸಮುದ್ರದ ನೀರು ಮಾಡಿಕೊಳ್ಳುವ ಉಪ್ಪು. ಬಕೆಟ್ಟಿಗೆ ಸುರಿದು ಕಲಕುತ್ತಿದ್ದಂತೆ ಒದ್ದೆ ಸುಣ್ಣದ್ದೋ ತೊಳೆದ ಸ್ಲೇಟಿನದ್ದೋ ಎಂದು ಹೇಳಲಾಗದ ಒಂದು ತೆಳು ವಾಸನೆ ಎದ್ದಿತು. ಬಳ್ಳಾರಿಯ ಸತ್ಯನಾರಾಯಣಪೇಟೆಯ ನಮ್ಮ ಮನೆಗೂ ಸಮುದ್ರಕ್ಕೂ ಎಷ್ಟು ದೂರ ಎಂದು ನೀವೇ ಅಂದಾಜು ಮಾಡಿಕೊಳ್ಳಿ. ಆದರೆ ಆ ವಾಸನೆಗೆ ನನಗೆ ನೆನಪಾಗುವುದು ಸಮುದ್ರವಲ್ಲ, ಹಚ್ಚೊಳ್ಳಿಯಲ್ಲಿ ಭತ್ತ ಬೆಳೆಯುವ ನನ್ನ ಮಾವನವರು.

ಇದೆಲ್ಲ ಶುರುವಾದದ್ದು ಕುರುಗೋಡಿನ ಶಾಲೆಯಲ್ಲಿ. ನಾನಲ್ಲಿ ವಿಜ್ಞಾನ ಕಲಿಸುತ್ತೇನೆ. ನಾಲ್ಕು ವರ್ಷದ ಹಿಂದೆ ಎಂಟನೆಯ ತರಗತಿಗೆ ಹವಳದ ಬಗ್ಗೆ ಕೈಬೀಸಿ ಹೇಳುತ್ತಿದ್ದೆ: ನೋಡಲು ಕಲ್ಲು, ಕವಲೊಡೆಯುವುದು ಗಿಡದಂತೆ, ಆದರೆ ಅದು ಪ್ರಾಣಿ! ಹಿಂದಿನ ಬೆಂಚಿನ ರೇಣುಕಾ ಎದ್ದು ನಿಂತಳು.

"ನೀವು ನೋಡೀರೇನ್ರಿ ಟೀಚರ್?"

"ಪುಸ್ತಕದಾಗ ನೋಡೀನಿ."

"ಪುಸ್ತಕದಾಗ ನಾವೂ ನೋಡೀವ್ರಿ."

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ, ಆದರೆ ಎಲ್ಲೋ ಚುಚ್ಚಿತ್ತು. ಆ ಭರದಲ್ಲಿ ಬಾಯಿಂದ ಬಂದೇಬಿಟ್ಟಿತು: "ಬ್ಯಾಸಗಿಗೆ ಸಾಲಿ ಬಿಡೂದ್ರೊಳಗ ನಿಮಗ ಜೀವಂತ ಹವಳ ತೋರಿಸ್ತೀನಿ."

ಮಾತು ಕೊಟ್ಟಾಗಿತ್ತು. ಇನ್ನು ಹವಳ ಹುಡುಕಬೇಕು. ಕಂಟೋನ್ಮೆಂಟಿನಲ್ಲಿ ಮೀನಿನ ಅಂಗಡಿ ಇಟ್ಟಿದ್ದ ಖಾದರ್‌ಭಾಯಿಯ ಬಳಿ ಹೋಗಿ ಫೋನಿನಲ್ಲಿ ಒಂದು ಚಿತ್ರ ತೋರಿಸಿದೆ. ನೀಲಿ ತುದಿಗಳ, ಜಿಂಕೆಯ ಕೊಂಬಿನಂಥ ಹವಳ. ನೋಡಿದರೆ ಕಣ್ಣು ಕೀಳಲಾಗದು.

"ಅದು ಆಗಂಗಿಲ್ಲ ಟೀಚರಮ್ಮ," ಎಂದರು ಅವರು. "ಕಲ್ಲುಹವಳ ಮಾರಾಕ ಕಾನೂನು ಬಿಡಂಗಿಲ್ಲ. ಬಿಟ್ರೂ ನಾ ನಿಮಗ ಕೊಡ್ತಿರಲಿಲ್ಲ. ಅದಕ್ಕ ಒಂಚೂರು ಹೆಚ್ಚುಕಮ್ಮಿ ಆದ್ರೂ ಖತಂ. ಬರ್ರಿ ಒಳಗ."

ಒಳಗಿನ ಕೋಣೆಯಲ್ಲಿ ಅವರದೇ ಉಪ್ಪುನೀರಿನ ತೊಟ್ಟಿ ಇತ್ತು. ನೀಲಿ ಬೆಳಕಿನಲ್ಲಿ ಕಲ್ಲುಗಳ ಮೇಲೆಲ್ಲ ಏನೇನೋ ಅರಳಿ ಮೆಲ್ಲಗೆ ತೂಗುತ್ತಿದ್ದವು. ನಾನು ಬಾಯಿ ತೆರೆದವಳು ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ, ಅವರೇ ಒಂದು ಸ್ಟೂಲು ತಂದಿಟ್ಟರು.

"ಎಲ್ಲಾ ಇಲ್ಲೇ ಹುಟ್ಟಿದ್ದಾವು. ಇದು ನೋಡ್ರಿ, ಅಣಬಿ ಹವಳ. ಕಮ್ಮಿ ಬೆಳಕು ಸಾಕು. ನಾವು ತಪ್ಪು ಮಾಡಿದ್ರ ಮಾಫ್ ಮಾಡತೈತಿ. ಈ ಹಸರಂದು ನಕ್ಷತ್ರದ ಹವಳ, ಗರಿಕಿ ಹಬ್ಬಿದಂಗ ಹಬ್ಬತೈತಿ. ಇದನ್ನ ಬ್ಯಾರೆ ಕಲ್ಲಿನ ಮ್ಯಾಲೆ ಒಂಟಿ ಇಡ್ರಿ."

ಗುಂಡಿಗಳನ್ನು ಸಾಲಾಗಿ ಹೊಲಿದಂತಿದ್ದ ಇನ್ನೊಂದರ ಮೇಲೆ ನನ್ನ ಕಣ್ಣು ಬಿದ್ದಿತ್ತು. ಅವರು ತಲೆಯಾಡಿಸಿದರು. "ಚೆಂದ ಐತಿ, ಬೆಳೆಸೂದೂ ಸಲೀಸು. ಆದ್ರ ಅದರಾಗ ವಿಷ ಇರತೈತಿ. ಮಕ್ಕಳು ಬರತಾವು ಅಂತೀರಿ, ಬ್ಯಾಡ."

ಹಾಗಾಗಿ ಎರಡೇ. ಅದೂ ತಕ್ಷಣ ಕೊಡಲಿಲ್ಲ. ತೊಟ್ಟಿಗೆ ಉಪ್ಪುನೀರು ತುಂಬಿಸಿ, ಕಲ್ಲು ಇಟ್ಟು, ಒಂದೂವರೆ ತಿಂಗಳು ನೀರು ಹದವಾಗುವವರೆಗೆ ಕಾಯಲು ಹೇಳಿದರು. ಬಂದವರಿಗೆಲ್ಲ ನನ್ನ ಯಜಮಾನರು, "ನಮ್ಮ ಮನಿಯಾಕಿ ಕಲ್ಲು ಸಾಕ್ಯಾಳ," ಎಂದು ಪರಿಚಯ ಮಾಡಿಸುತ್ತಿದ್ದರು. ನಾನು ದಿನಕ್ಕೆ ಹತ್ತು ಸಲ ಆ ಕಲ್ಲನ್ನು ಬಗ್ಗಿ ನೋಡುತ್ತಿದ್ದೆ. ಅಷ್ಟರಮಟ್ಟಿಗೆ ಅವರ ಮಾತು ಸುಳ್ಳೇನಲ್ಲ.

ಕೊನೆಗೂ ಹವಳ ಮನೆಗೆ ಬಂದ ದಿನ ಅಣಬೆ ಹವಳ ಮುದುರಿದ ಕರ್ಚೀಫಿನಂತಿತ್ತು. ಮರುದಿನ ಬೆಳಿಗ್ಗೆ ದೀಪ ಹಾಕಿ ಹಲ್ಲುಜ್ಜುತ್ತ ನಿಂತಿದ್ದೆ. ನೋಡನೋಡುತ್ತಿದ್ದಂತೆ ಅದು ಅಂಗೈಯಗಲ ಬಿಚ್ಚಿಕೊಂಡಿತು! ನೇರಳೆ ಬಣ್ಣ, ಅದರ ಮೇಲೆ ಹಸಿರು ಚುಕ್ಕಿ. ಬಾಯಿತುಂಬ ಪೇಸ್ಟಿಟ್ಟುಕೊಂಡು ಏನು ಕೂಗಿದೆನೋ, ಯಜಮಾನರು ಹಾಸಿಗೆಯಿಂದ ಎದ್ದು ಓಡಿಬಂದರು.

ಆಗಲೇ ಮಾವನವರು ಕಣ್ಣಿನ ಪೊರೆ ತೆಗೆಸಿಕೊಂಡು ನಮ್ಮಲ್ಲಿಗೆ ಬಂದದ್ದು. ಕಪ್ಪು ಕನ್ನಡಕ ಹಾಕಿ ತೊಟ್ಟಿಯ ಮುಂದೆ ಕೂರುತ್ತಿದ್ದರು. ನಾನು ಉಪ್ಪು ಕಲಕುವುದನ್ನು ಕಂಡು ಅವರಿಗೆ ತಡೆಯಲಾಗಲಿಲ್ಲ. "ಅಲ್ಲವ್ವಾ, ಹೊಲದಾಗಿನ ಉಪ್ಪು ತೊಳಿಯಾಕ ನಾ ಇಡೀ ಜನ್ಮ ಹೆಣಗೀನಿ. ನೀ ಕೊಂಡು ತಂದು ನೀರಿಗೆ ಹಾಕ್ತೀಯಲ್ಲ!"

ಮಾರ್ಚಿ ಬಂತು. ಬಳ್ಳಾರಿಯ ಮಾರ್ಚಿಯನ್ನು ನಿಮಗೆ ಬಣ್ಣಿಸಬೇಕಿಲ್ಲ. ನೀರು ಬಿಸಿಯಾಗದಿರಲೆಂದು ತೊಟ್ಟಿಯ ಮೇಲೆ ಸಣ್ಣ ಫ್ಯಾನು ಕಟ್ಟಿದೆ. ನೀರು ಬೇಗ ಬೇಗ ಇಳಿಯತೊಡಗಿತು. ಇಳಿದಷ್ಟೂ ಉಪ್ಪುನೀರು ತುಂಬಿದೆ. ವಾರದೊಳಗೆ ನಕ್ಷತ್ರದ ಹವಳ ಬಾಯಿ ಮುಚ್ಚಿತು. ಅಣಬೆ ಸುರುಟಿಕೊಂಡಿತು. ಶಾಲೆ ಬಿಡಲು ಹದಿನೈದೇ ದಿನ ಉಳಿದಿತ್ತು. ರೇಣುಕಾ ದಿನಾ, "ಯಾವಾಗ್ರಿ ಟೀಚರ್?" ಎಂದು ಕೇಳುತ್ತಿದ್ದಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿ ಒಂದೆರಡು ಸಲ ಅತ್ತೂಬಿಟ್ಟೆ.

ಒಂದು ಮಧ್ಯಾಹ್ನ ಮಾವನವರು ಕನ್ನಡಕ ತೆಗೆದು ಗಾಜಿನ ಅಂಚಿಗೆ ಬೆರಳು ಹಚ್ಚಿದರು. ಬೆರಳಿಗೆ ಬಿಳಿಯ ಪುಡಿ ಹತ್ತಿತ್ತು.

"ಸವಳು ಎದ್ದೈತವ್ವಾ."

"ಏನ್ರಿ ಮಾವಾರ?"

"ಸವಳು. ನಮ್ಮ ಬದುವಿನ ಮ್ಯಾಲೆ ಏಳತೈತಲ್ಲ, ಹಂಗ. ಬಿಸಲಿಗೆ ಹೋಗೂದು ನೀರಷ್ಟ. ಉಪ್ಪು ಎಲ್ಲಿ ಹೊಕ್ಕೈತಿ? ಇಲ್ಲೇ ಕುಂದರತೈತಿ. ಅದರ ಮ್ಯಾಲೆ ನೀ ಮತ್ತ ಉಪ್ಪುನೀರು ಹಾಕೀದಿ."

ಆರನೆಯ ತರಗತಿಗೆ ಆವಿಯಾಗುವಿಕೆಯ ಪಾಠ ಮಾಡುವವಳು ನಾನೇ ನೋಡಿ! ಪ್ರತಿವರ್ಷ ತಟ್ಟೆಯಲ್ಲಿ ಉಪ್ಪುನೀರು ಒಣಗಿಸಿ ತೋರಿಸುವವಳು. ಓಡಿಹೋಗಿ, ಡ್ರಾಯರಿನಲ್ಲಿ ಬಿದ್ದಿದ್ದ ಉಪ್ಪಿನ ಮಾಪಕ ತಂದು ಅದ್ದಿದೆ. ಅವರ ಬೆರಳು ಹೇಳಿದ್ದನ್ನೇ ಅದೂ ಹೇಳಿತು.

ಗಾಬರಿಯಲ್ಲಿ ಸಿಹಿನೀರಿನ ಬಿಂದಿಗೆ ಎತ್ತಿದವಳ ಕೈಯನ್ನು ಅವರೇ ಹಿಡಿದರು. "ಒಮ್ಮಿಲೇ ಸುರೀಬ್ಯಾಡ, ಸತ್ತಾವು. ದಿನಾ ಇಷ್ಟಿಷ್ಟು ಉಪ್ಪುನೀರು ತೆಗಿ, ಇಷ್ಟಿಷ್ಟು ಸಿಹಿನೀರು ಹಾಕು." ನೀರಿನ ಮಟ್ಟಕ್ಕೆ ಸರಿಯಾಗಿ ನನ್ನ ಹಣೆಬೊಟ್ಟಿನ ಒಂದು ಸ್ಟಿಕ್ಕರ್ ಗಾಜಿಗೆ ಅಂಟಿಸಿದರು. ನಾನು ಶಾಲೆಗೆ ಹೋದ ಮೇಲೆ, ಹೊಲಕ್ಕೆ ನೀರು ಹಾಯಿಸುವವರ ಗಾಂಭೀರ್ಯದಲ್ಲಿ, ಲೋಟದಿಂದ ಫಿಲ್ಟರ್ ನೀರು ಹನಿಸುತ್ತಿದ್ದವರು ಅವರೇ.

ಒಂಬತ್ತನೆಯ ದಿನ ನಾನು ತರಗತಿಯಿಂದ ಹೊರಬಂದಾಗ ಅವರ ಫೋನು. "ಕಣ್ಣು ಬಿಟ್ಟಾವವ್ವಾ! ಹಸರಂದು ಪೂರಾ ಬಿಟ್ಟೈತಿ! ಹುಡುಗೂರನ್ನ ಕರಕೊಂಡು ಬಾ!"

ಶನಿವಾರ ಇಪ್ಪತ್ತಾರು ಮಕ್ಕಳು ನಮ್ಮ ಹಾಲಿನಲ್ಲಿ ಒತ್ತಿಕೊಂಡು ಕೂತರು. ರೇಣುಕಾ ಗಾಜಿಗೆ ಮೂಗು ಹಚ್ಚಿ ನೋಡಿದಳು. ಆಮೇಲೆ ಪಿಸುಗುಟ್ಟಿದಳು: "ಟೀಚರ್, ಇದು ಉಸಿರಾಡಾಕತ್ತೈತ್ರಿ." ಹತ್ತು ವರ್ಷ ಪಾಠ ಮಾಡಿಯೂ ನನಗೆ ಆ ಮಾತು ಹೊಳೆದಿರಲಿಲ್ಲ.

ಈಗ ಆ ಅಣಬೆ ಹವಳ ಒಡೆದು ಏಳಾಗಿದೆ. ಶಾಲೆಯಲ್ಲೂ ಒಂದು ತೊಟ್ಟಿ ಹದವಾಗಿ ಕಾಯುತ್ತಿತ್ತು. ಇವತ್ತು ಬೆಳಿಗ್ಗೆ ಒಂದು ಮರಿಯನ್ನು ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಕುರುಗೋಡಿನ ಬಸ್ಸು ಹತ್ತಿದೆ. ಮಾವನವರು ಇದಕ್ಕೆಂದೇ ಹಚ್ಚೊಳ್ಳಿಯಿಂದ ಬಂದಿದ್ದರು. ಚೀಲವನ್ನು ನನ್ನ ಕೈಗೆ ಕೊಡದೆ, ಹೆಗಲ ಮೇಲಿನ ಟವೆಲ್ಲು ಸುತ್ತಿ ತೊಡೆಯ ಮೇಲಿಟ್ಟುಕೊಂಡರು. ಪಕ್ಕದ ಸೀಟಿನವನು ಬಗ್ಗಿ ನೋಡಿದ.

"ಏನ್ರೀ ಯಜಮಾನ್ರ, ಮೀನೇನ್ರಿ?"

"ಮೀನಲ್ಲಪಾ," ಎಂದರು ಮಾವನವರು, ಬಸ್ಸಿಗೆಲ್ಲ ಕೇಳುವಂತೆ. "ನಮ್ಮ ಸೊಸಿ ಬೆಳೆದ ಬೆಳಿ. ಹವಳ. ಸಾಲ್ಯಾಗ ಇಡಾಕ ಹೊಂಟೀವಿ. ಇಳಿದು ಬಾ, ತೋರಿಸ್ತೀನಿ."

ನಾನು ತಲೆ ತಗ್ಗಿಸಿದೆ. ಮುಖ ಬಿಸಿಯಾಗಿತ್ತು, ನಗು ತಡೆಯಲಾಗುತ್ತಿರಲಿಲ್ಲ. ಕುರುಗೋಡಿನಲ್ಲಿ ನಾವಿಬ್ಬರೂ ಇಳಿದಾಗ ನಮ್ಮ ಹಿಂದೆ ಇನ್ನೂ ಐದು ಜನ ಇಳಿದರು. ಅವರಲ್ಲಿ ಒಬ್ಬ ಮುಂದಿನೂರಿಗೆ ಟಿಕೆಟ್ ತೆಗೆಸಿದವನು.