ನಾಕಾ ಸಾಹೇಬರು ಚಾ ಸೋಸಿದ್ದು

ಗದಗಿನಿಂದ ಶಿರಹಟ್ಟಿಗೆ ಹೋಗುವ ದಾರಿಯಲ್ಲಿ, ಇಂಗ್ರೇಜರ ಸೀಮೆ ಮುಗಿದು ಸಂಸ್ಥಾನ ಶುರುವಾಗುವ ಕಡೆ, ರಸ್ತೆಗೆ ಅಡ್ಡ ಒಂದು ಬಿದಿರಿನ ಗಳ ಇತ್ತು. ಪಕ್ಕದಲ್ಲಿ ಹಂಚಿನ ಕೋಣೆ. ಕೋಣೆಯೊಳಗೆ ಉಳವಪ್ಪ. ಜಕಾತಿ ವಸೂಲಿ ಮಾಡುವ ನಾಕೇದಾರನಷ್ಟೇ ಆತ. ಆದರೆ ಹತ್ತೊಂಬತ್ತು ವರ್ಷ ಆ ಗಳ ಎತ್ತಿ ಇಳಿಸಿ, ರಾಜರನ್ನು ಬಿಟ್ಟರೆ ತಾನೇ ಎಂಬ ತಿಳುವಳಿಕೆಗೆ ಬಂದಿದ್ದ. ಚಕ್ಕಡಿ ಬಂದರೆ ಹೊರಗೆ ಬರುತ್ತಿರಲಿಲ್ಲ. ಒಳಗಿಂದಲೇ ಯಾವೂರು, ಏನು ಮಾಲು, ಯಾರದು ಎಂದು ಕೇಳುತ್ತಿದ್ದ. ಉತ್ತರ ಸಿಕ್ಕರೂ ನಂಬುತ್ತಿರಲಿಲ್ಲ. ಒಮ್ಮೆ ಮದುವೆ ದಿಬ್ಬಣ ತಡೆದು, ಮದುಮಗಳ ಟ್ರಂಕು ಬಿಚ್ಚಿಸಿ, ಮುಹೂರ್ತ ಮೀರಿಸಿ, ಆಮೇಲೆ ತನ್ನನ್ನು ಊಟಕ್ಕೆ ಕರೆಯಲಿಲ್ಲವೆಂದು ವರ್ಷಗಟ್ಟಲೆ ಮುನಿಸಿಕೊಂಡಿದ್ದ. ಹೆಂಡತಿ ಶಂಕ್ರೆವ್ವ ತವರಿನಿಂದ ಬಂದರೆ ಅವಳ ಗಂಟನ್ನೂ ಒತ್ತಿ ನೋಡುತ್ತಿದ್ದ.

ಸ್ವಾತಂತ್ರ್ಯ ಬಂತು. ಗದಗಿನಲ್ಲಿ ಬಾವುಟ ಏರಿತು, ಪೇಢೆ ಹಂಚಿದರು. ಅದೆಲ್ಲ ಗಳದ ಆಚೆಯವರದು, ನಮ್ಮ ರಾಜರು ನಮಗಿದ್ದಾರೆ ಎಂದ ಉಳವಪ್ಪ. ಮರುವರ್ಷ ಮಾರ್ಚಿನಲ್ಲಿ ಸಂಸ್ಥಾನವೇ ವಿಲೀನವಾಯಿತು. ಒಬ್ಬ ಸಿಪಾಯಿ ಬಂದು, ಕಾಗದ ಓದಿ ಹೇಳಿ, ದಫ್ತರ ಕಟ್ಟಿ, ಗಳವನ್ನು ಬೇಲಿಗೆ ಒಗೆದು ಹೋದ. ಬೇಕಿದ್ದರೆ ಕಚೇರಿಯಲ್ಲಿ ಸಿಪಾಯಿ ಕೆಲಸ ಇದೆ ಎಂದೂ ಹೇಳಿದ. ಚಕ್ಕಡಿ ನಿಲ್ಲಿಸಿದ ಕೈ ಫೈಲು ಹೊರುವುದಿಲ್ಲ ಎಂದು ಉಳವಪ್ಪ ಕಳಿಸಿಬಿಟ್ಟ. ರಾಜರು ಮತ್ತೆ ಬಂದೇ ಬರುತ್ತಾರೆಂದು ದಿನಾ ಬೆಳಿಗ್ಗೆ ರುಮಾಲು ಸುತ್ತಿ ಅದೇ ಕೋಣೆಯಲ್ಲಿ ಕುಳಿತ. ಕೋಣೆ ಖಾಲಿ ಮಾಡಿಸಲು ಯಾರೂ ಬರಲಿಲ್ಲ. ಅಂಥದೊಂದು ಕೋಣೆ ಇದೆ ಎಂಬುದನ್ನೇ ಹೊಸ ಸರ್ಕಾರ ಮರೆತಿತ್ತು.

ಮರೆಯದವು ಎತ್ತುಗಳು. ಬೆಟಗೇರಿಯಿಂದ ಶಿರಹಟ್ಟಿ ಪೇಟೆಗೆ ಸೀರೆ ಗಂಟು ಹೇರುವ ಖಾಸಿಂಸಾಬನ ಜೋಡಿ ಆ ಜಾಗಕ್ಕೆ ಬಂದದ್ದೇ ತಾವಾಗಿ ನಿಂತವು. ಉಳವಪ್ಪ ಒಳಗಿಂದ, ಏನು ಮಾಲು ಎಂದು ಕೇಳಿದ.

“ಸೀರಿ ಅದಾವ್ರಿ ಸಾಹೇಬ್ರ,” ಎಂದ ಖಾಸಿಂಸಾಬ, ಇಳಿಯದೇ. “ಹೇಳಬೇಕಂತೇನೂ ಇಲ್ಲ ಈಗ. ನಮ್ಮ ಎತ್ತಿಗೆ ನಿಲ್ಲೂದು ರೂಢಿ, ನನಗ ಹೇಳೂದು ರೂಢಿ.”

ಉಳವಪ್ಪನಿಗೆ ಇದು ಗೌರವವೋ ಕುಚೋದ್ಯವೋ ತಿಳಿಯಲಿಲ್ಲ. ಗೌರವವೆಂದೇ ಇಟ್ಟುಕೊಂಡ.

ಶಂಕ್ರೆವ್ವ ಇದನ್ನು ಬೇರೆ ಕಣ್ಣಿನಿಂದ ನೋಡಿದಳು. ಚಕ್ಕಡಿಗಳು ಹೇಗೂ ನಿಲ್ಲುತ್ತವೆ. ನಿಂತವರಿಗೆ ಬಾಯಾರಿರುತ್ತದೆ. ಮೊದಲು ತಂಬಿಗೆ ನೀರು ಕೊಟ್ಟಳು, ಆಮೇಲೆ ಮೂರು ಕಲ್ಲಿಟ್ಟು ಬೆಲ್ಲದ ಚಾ ಕಾಸಿದಳು, ತಿಂಗಳೊಪ್ಪತ್ತಿನಲ್ಲಿ ಮಿರ್ಚಿ ಭಜಿಗೂ ಎಣ್ಣೆ ಇಟ್ಟಳು. ಉಳವಪ್ಪ ಸಿಡಿದೆದ್ದ. ನಾಕಾ ಸಾಹೇಬರ ಹೆಂಡತಿ ಗಾಡಿಯವರ ಎಂಜಲು ಕಪ್ಪು ತೊಳೆಯುವುದೆಂದರೇನು ಎಂದು ಇಡೀ ಮುಂಜಾನೆ ಕೂಗಾಡಿದ.

“ನೀವು ಹತ್ತೊಂಬತ್ತು ವರ್ಷ ನಿಲ್ಲಿಸಿದ್ರಿ, ಒಬ್ಬರರ ಖುಷೀಲೆ ನಿಂತಿದ್ರೇನು?” ಎಂದಳು ಶಂಕ್ರೆವ್ವ. “ಈಗ ನಿಲ್ಲಾಕತ್ತಾರ. ಸುಮ್ಮ ಕುಂಡ್ರಿ.”

ಆತ ಊಟ ಬಿಟ್ಟು ಪ್ರತಿಭಟಿಸಿದ. ಮಧ್ಯಾಹ್ನದ ಹೊತ್ತಿಗೆ ಎರಡು ಭಜಿ ಕಡಿಮೆಯಾದದ್ದನ್ನು ಶಂಕ್ರೆವ್ವ ಕಂಡಳು, ಕೇಳಲಿಲ್ಲ. ಮರುದಿನ ಶಿರಹಟ್ಟಿಗೆ ಹೋಗಿ ತನ್ನ ಯೋಗ್ಯತೆಗೆ ತಕ್ಕ ಕೆಲಸ ಹುಡುಕಿದ. ಅರಳೆ ವ್ಯಾಪಾರಿಯೊಬ್ಬ ಇವನನ್ನು ಮೇಲಿಂದ ಕೆಳಗೆ ನೋಡಿ, ಬಾಗಿಲಲ್ಲಿ ನಿಂತು ನಾಯಿ ಓಡಿಸಲು ಒಬ್ಬ ಬೇಕು ಎಂದ.

ಆ ವಾರವೇ ಶಂಕ್ರೆವ್ವ ತಂಗಿಯ ಬಾಣಂತನಕ್ಕೆಂದು ಹಿರೇವಡ್ಡಟ್ಟಿಗೆ ಹೋದಳು. ಬೆಳಿಗ್ಗೆ ನಾಲ್ಕು ಚಕ್ಕಡಿ ಬಂದು ನಿಂತವು. ಒಲೆ ತಣ್ಣಗಿತ್ತು. ಸ್ವಲ್ಪ ಹೊತ್ತು ಕಾದು ಖಾಸಿಂಸಾಬ ತಾನೇ ಬೆಂಕಿ ಮಾಡಿದ, ನೀರಿಟ್ಟ, ಸೋಸುವ ಅರಿವೆಯನ್ನು ಉಳವಪ್ಪನ ಕೈಗೆ ಕೊಟ್ಟು, ಹಿಡೀರಿ ಸಾಹೇಬ್ರ ಎಂದ. ಬೇಡವೆನ್ನುವಷ್ಟರಲ್ಲಿ ಚಾ ಸುರಿಯುತ್ತಿತ್ತು. ಕೈ ಬಿಟ್ಟರೆ ಕಾಲು ಸುಡುತ್ತಿತ್ತು. ಹಿಡಿದ.

ಆಗ ಒಂದು ಸೋಜಿಗ ನಡೆಯಿತು. ಬಿಸಿ ಚಾ ಹೊಟ್ಟೆಗೆ ಇಳಿದದ್ದೇ ಗಾಡಿಯವರು ಕೇಳದೆಯೇ ಎಲ್ಲ ಹೇಳತೊಡಗಿದರು. ಎಲ್ಲಿಂದ ಬಂದೆವು, ಗೋಣಿಯಲ್ಲಿ ಏನಿದೆ, ಅಡಿಯಲ್ಲಿ ಏನಿದೆ, ಯಾವ ಸಾಹುಕಾರನ ಮಗಳ ನೆಂಟಸ್ತಿಕೆ ಮುರಿಯಿತು. ಗಳ ಹಾಕಿ, ಗದರಿಸಿ, ಗಂಟು ಬಿಚ್ಚಿಸಿ ಹತ್ತೊಂಬತ್ತು ವರ್ಷ ಸಿಗದ ಖರೆ ಮಾತು ಒಂದು ಕಪ್ಪಿಗೆ ಸಿಕ್ಕಿತು. ಉಳವಪ್ಪ ಎರಡನೇ ಸಲ ಚಾ ಕಾಸಿದ, ತಾನಾಗಿ. ಶಂಕ್ರೆವ್ವ ಮರಳಿದಾಗ ಆತ ಅಂಗಿ ತೋಳು ಮಡಚಿ ಒಲೆಯ ಮುಂದೆ ಕೂತಿದ್ದ. ಮುಂಡರಗಿಯ ಒಬ್ಬ ಗಾಡಿಯವನ ಮನೆಯ ಜಗಳವನ್ನು ಬಗೆಹರಿಸುತ್ತಿದ್ದ.

ಮುಂದೆ ರಸ್ತೆ ದೊಡ್ಡದಾಯಿತು, ಬಸ್ಸು ಬಂತು, ಡ್ರೈವರರು ಅಂಗಡಿಯನ್ನು ನಾಕಾ ಚಾ ಎಂದೇ ಕರೆದರು. ಅಷ್ಟರಲ್ಲಿ ಉಳವಪ್ಪ ಬೋಧಕನಾಗಿದ್ದ. ಕಾಲ ಬದಲಾದಂಗ ಮನಸ್ಸೂ ಬದಲಾಗಬೇಕು ಎಂದು ಬಂದವರಿಗೆಲ್ಲ, ಅವರು ಕೇಳಲಿ ಬಿಡಲಿ, ಹೇಳುತ್ತಿದ್ದ. ಐವತ್ತಾರರ ನವೆಂಬರಿನಲ್ಲಿ ಕನ್ನಡ ನಾಡು ಒಂದಾದಾಗ ಶಿರಹಟ್ಟಿಯ ಸಭೆಗೆ ಇವನನ್ನೂ ಕರೆದು ಹಾರ ಹಾಕಿದರು. ಗಳ ಕಿತ್ತ ದಿನವೇ ನಾನು ಹೆಂಡತಿಗೆ ಒಲೆ ಹಚ್ಚು ಅಂದೆ, ಆಕೆ ಹೆದರಿ ಅತ್ತಳು, ಧೈರ್ಯ ತುಂಬಿದೆ ಎಂದು ಒಂದು ತಾಸು ಮಾತಾಡಿದ. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ಖಾಸಿಂಸಾಬನೂ ತಟ್ಟಿದ, ತಟ್ಟಿ ನೇರ ಅಂಗಡಿಗೆ ಹೋಗಿ ಶಂಕ್ರೆವ್ವನಿಗೆ ಒಂದಕ್ಷರ ಬಿಡದೆ ಒಪ್ಪಿಸಿದ.

ಸಂಜೆ ಉಳವಪ್ಪ ಹಾರದ ಸಮೇತ ಬಂದ. ಅವಳು ಭಜಿ ತಿರುವುತ್ತಿದ್ದವಳು ತಲೆ ಎತ್ತಲಿಲ್ಲ.

“ಎಷ್ಟೊತ್ತು ಮಾತಾಡಿದ್ರಿ?”

“ಒಂದ ತಾಸು.”

“ಅಷ್ಟರಾಗ ಎರಡು ಬಸ್ಸು ಬಂದು ಹ್ವಾದವು. ಕಪ್ಪು ಅಲ್ಲೇ ಬಿದ್ದಾವ.”

ಆತ ಹಾರ ತೆಗೆಯದೆ ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತ.